ಕೆಂಗೇರಿ ಸ್ಟೇಷನ್ನಿನಿಂದ ಸೀನನಿಗೆ

ಲೋ ಸೀನ,

ಥಾಣೆ ಸ್ಟೇಷನ್ನಿನಲ್ಲಿ ನಿಂತು ಕಳಿಸಿದ ಫೋಟೋ ನೋಡಿದೆ. ಜನವೋ ಜನ. 1853ರಲ್ಲಿ ದೇಶದ ಮೊದಲ ಪ್ಯಾಸೆಂಜರ್ ಗಾಡಿ ಬಂದು ನಿಂತ ಊರು ಅಂತ ಬರೆದು, ಕೆಳಗೆ ‘ನಿಮ್ಮ ಕೆಂಗೇರಿ ಹೇಗಿದೆ’ ಅಂತ ಕೇಳಿದ್ದೀಯ. ಆ ‘ನಿಮ್ಮ’ ಯಾಕೋ ಚುಚ್ಚಿತು ಕಣೋ. ಒಂಬತ್ತು ವರ್ಷ ಒಟ್ಟಿಗೆ ಗಾಡಿ ಹತ್ತಿದ ಜಾಗ, ಅದು ನಮ್ಮದಾಗಿತ್ತು, ಅಲ್ವಾ?

ಅದಕ್ಕೇ ಉತ್ತರ ಬರೆಯುತ್ತಿದ್ದೇನೆ. ಎಲ್ಲರೂ ನೋಡುವ ಕಡೆ ಹಾಕುತ್ತಿದ್ದೇನೆ ಅಂತ ಬೇಜಾರು ಮಾಡ್ಕೋಬೇಡ. ನಮ್ಮ ಬೋಗಿಯವರು ಈಗಲೂ ನಿನ್ನನ್ನು ಕೇಳುತ್ತಾರೆ, ಅವರೂ ಓದಲಿ.

ಕೆಂಗೇರಿ ಹಾಗೇ ಇದೆ. ಗಾಳಿ ಈ ಕಡೆ ತಿರುಗಿದರೆ ವೃಷಭಾವತಿ ಹೊಳೆಯ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕು. 2023ರಲ್ಲಿ ಮೆಟ್ರೋ ಚಲ್ಲಘಟ್ಟದವರೆಗೂ ಹೋಯಿತು. ಆದರೂ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದವರಿಗೆ ಇದೇ ಪ್ಲಾಟ್‌ಫಾರ್ಮು ಗತಿ, ಮೆಟ್ರೋ ಇಳಿದು ಕೆಲವರು ಆಟೋದಲ್ಲಿ, ಕೆಲವರು ಓಡಿಕೊಂಡು ಬರುತ್ತಾರೆ. ಹೂವಿನ ಹೆಂಗಸರು ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಕೂರಿಸಿಕೊಂಡು ನೆಲದ ಮೇಲೇ ಕೂತಿರುತ್ತಾರೆ. ಬುಟ್ಟಿಯ ತಳದಲ್ಲಿ ನಾಲ್ಕು ಸೇವಂತಿಗೆ ಎಸಳು ಒದ್ದೆಯಾಗಿ ಅಂಟಿಕೊಂಡಿರುತ್ತವೆ. ಅವರಲ್ಲೊಬ್ಬರು ಮೊನ್ನೆ, ‘ನಿಮ್ಮ ಜೊತೆ ಇರ್ತಿದ್ರಲ್ಲ, ಉದ್ದಕೆ, ಅವರೆಲ್ಲಿ?’ ಅಂದರು. ಹೆಜ್ಜಾಲದ ಮದುವೆ ಊಟಕ್ಕೆ ಹೋದವನು ಇನ್ನೂ ವಾಪಸ್ ಬಂದಿಲ್ಲ ಅಂದೆ. ಅವರು ನನ್ನ ಮುಖ ನೋಡಿದರು. ನಿನಗೆ ಗೊತ್ತಲ್ಲ, ಸಾಕು.

ಸಬರ್ಬನ್ ರೈಲಿನ ಕತೆ ನೆನಪಿದೆಯಾ? 2022ರಲ್ಲಿ ಶಂಕುಸ್ಥಾಪನೆ ಆದಾಗ ಅಪ್ಪ ಪೇಪರನ್ನು ಜೋರಾಗಿ ಓದಿ ಹೇಳಿದ್ದರು. ಒಟ್ಟು 148 ಕಿಲೋಮೀಟರು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ನಾಲ್ಕು ಲೈನು. ಪಾರಿಜಾತ ನಮ್ಮ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ. ‘ಹೆಸರೇನೋ ಚೆನ್ನಾಗದೆ, ಕಂಬಿ ಹಾಕ್ಲಿ ನೋಡುವ’ ಅಂದಿದ್ದರು. ರೈಲಿನ ಸುದ್ದಿ ಅಂದರೆ ಅವರಿಗೆ ಊಟಕ್ಕಿಂತ ಹೆಚ್ಚು.

ಈಗ ಪೇಪರನ್ನು ನಾವು ಓದಿ ಹೇಳುತ್ತೇವೆ. ಲಕ್ವ ಹೊಡೆದ ವಿಷಯ ಫೋನಿನಲ್ಲಿ ಹೇಳಿದ್ದೆನಲ್ಲ. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತೆ. ಇಷ್ಟು ನಿನಗೆ ಗೊತ್ತು.

ಗೊತ್ತಿಲ್ಲದ್ದು ಇದು. ಆಫೀಸು ಬಿಟ್ಟು ಸ್ಟೇಷನ್ನಿಗೆ ಬಂದಮೇಲೆ ಮೊದಲು ಬರುವ ಗಾಡಿಯನ್ನು ನಾನು ಹತ್ತುವುದಿಲ್ಲ. ಸುಮ್ನೆ ಬಿಟ್ಟುಬಿಡುತ್ತೇನೆ. ನಿನಗೆ ಅಲ್ಲಿ ಒಂದು ಲೋಕಲ್ ಹೋದರೆ ಬೆನ್ನ ಹಿಂದೆಯೇ ಇನ್ನೊಂದು. ಇಲ್ಲಿ ಹಾಗಲ್ಲ. ಒಂದು ಬಿಟ್ಟರೆ ಎಷ್ಟೋ ಹೊತ್ತು ಬೆಂಚಿನ ಮೇಲೆ ಕೂತಿರಬೇಕು. ಕೂತಿರುತ್ತೇನೆ. ಫೋನು ಕೂಡ ನೋಡುವುದಿಲ್ಲ. ಐದು ತಿಂಗಳಿಂದ ಹೀಗೇ.

ಮನೆಯಲ್ಲಿ ಕೇಳಿದರೆ, ‘ಕ್ರಾಸಿಂಗ್ ಇತ್ತು.’

ಆ ಮಾತು ಬಾಯಿಗೆ ತಾನಾಗೇ ಬರುತ್ತೆ. ಒಂದೇ ಲೈನು ಇದ್ದ ಕಾಲದಲ್ಲಿ ಅದು ನಿಜವೂ ಆಗಿತ್ತು. ಎದುರು ಗಾಡಿಗೆ ದಾರಿ ಬಿಡೋಕೆ ಶೆಟ್ಟಿಹಳ್ಳಿಯಲ್ಲೋ ಎಲ್ಲೋ ಕತ್ತಲಲ್ಲಿ ನಿಲ್ಲಿಸಿಬಿಡೋರು. ಜನ ಇಳಿದು ಕಂಬಿ ಪಕ್ಕ ಹರಟೆ ಹೊಡೆಯುತ್ತಿದ್ದರು. ಆಮೇಲೆ ಡಬಲ್ ಲೈನು ತುಂಡು ತುಂಡಾಗಿ ಬಂತು. ಕೊನೆಗೆ ಉಳಿದಿದ್ದು ಶ್ರೀರಂಗಪಟ್ಟಣ. ಅಲ್ಲಿ ಟಿಪ್ಪುವಿನ ಮದ್ದಿನಮನೆ ಅಡ್ಡ ಇತ್ತು. 2017ರಲ್ಲಿ ಅದನ್ನು ಒಡೆಯದೆ ಬುಡಸಮೇತ ಎತ್ತಿ ನೂರು ಮೀಟರಿಗೂ ಜಾಸ್ತಿ ದೂರ ಸರಿಸಿದರು. ಅದನ್ನು ನೋಡಲೇಬೇಕು ಅಂತ ನಮ್ಮಿಬ್ಬರನ್ನೂ ಒಂದು ಭಾನುವಾರ ಕರೆದುಕೊಂಡು ಹೋದವರು ಯಾರು ಹೇಳು? ಅಪ್ಪನೇ. ನೀನು ಸೌತೆಕಾಯಿ ಹಂಚಿದ್ದು, ಅವರು ಬಲಗೈ ಎತ್ತಿ ‘ಇಲ್ಲಿತ್ತು, ಅಲ್ಲಿಗೆ ಹೋಯ್ತು’ ಅಂತ ತೋರಿಸಿದ್ದು, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ.

ಅಂಥವರಿಗೆ ನಾನು ಕ್ರಾಸಿಂಗ್ ಅಂತ ಹೇಳುತ್ತಿದ್ದೆ.

ಹೋದ ಗುರುವಾರ ಒಳಗೆ ಕಾಲಿಟ್ಟೆ. ಇವಳಿಗೆ ಎಂದಿನ ಹಾಗೆ ಅದನ್ನೇ ಅಂದೆ. ಅಪ್ಪ ಮಂಚದ ಮೇಲಿಂದ ನಿಧಾನಕ್ಕೆ, ಒಂದೊಂದೇ ಮಾತು ಕೂಡಿಸಿಕೊಂಡು, ‘ಡಬಲ್ ಲೈನಾಗಿ ಎಷ್ಟು ವರ್ಸ ಆಯ್ತ್ಲಾ?’ ಅಂದರು. ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ. ‘ಹೋಗು, ಉಣ್ಣೋಗು’ ಅಂದು ಗೋಡೆ ಕಡೆ ತಿರುಗಿದರು. ಐದು ತಿಂಗಳಿಂದಲೂ ಗೊತ್ತಿತ್ತು ಅವರಿಗೆ ಸೀನ. ದಿನಾ ಸುಳ್ಳು ಕೇಳಿಸಿಕೊಂಡು ಸುಮ್ಮನಿದ್ದರು.

ಮನೆಗೆ ಹೋಗೋಕೆ ಬೇಜಾರು ಅಂತಲ್ಲ. ಆ ಕೈ ನೋಡೋಕೆ ಆಗುವುದಿಲ್ಲ. ರಾತ್ರಿ ಎಬ್ಬಿಸಿ ಕೂರಿಸುವಾಗ ಅದನ್ನು ನನ್ನ ಹೆಗಲ ಮೇಲೆ ಇಟ್ಟುಕೊಳ್ಳುತ್ತೇನೆ, ಇಟ್ಟ ಕೂಡಲೇ ಜಾರಿ ಬೀಳುತ್ತೆ. ಚಿಕ್ಕವನಿದ್ದಾಗ ಇದೇ ದಾರಿಯಲ್ಲಿ, ಇದೇ ರೈಲಿನಲ್ಲಿ, ನಾನು ಬಾಗಿಲ ಹತ್ತಿರ ನಿಂತರೆ ಅದೇ ಕೈ ಹಿಂದಿನಿಂದ ನನ್ನ ಕಾಲರ್ ಹಿಡಿದಿರುತ್ತಿತ್ತು. ಮದ್ದೂರು ಬರುವವರೆಗೂ ಬಿಡುತ್ತಿರಲಿಲ್ಲ. ಕತ್ತಿನ ಹತ್ತಿರ ಆ ಬಿಗಿ ಈಗಲೂ ಗೊತ್ತಾಗುತ್ತೆ.

ನಾನು ಬೆಂಚಿನ ಮೇಲೆ ಕೂತ ಅಷ್ಟೂ ಹೊತ್ತು ಅಪ್ಪನನ್ನು ಮಗ್ಗುಲು ಬದಲಿಸಿ ಮಲಗಿಸಿದವಳು ಇವಳು. ಬೆಳಗಿಂದ ಅದೇ ಕೆಲಸ, ಸಂಜೆಗೂ ಅದೇ. ಅವಳು ಇದನ್ನು ಓದುತ್ತಾಳೆ. ಓದಲಿ. ಮುಖ ಕೊಟ್ಟು ಹೇಳಬೇಕಿತ್ತು, ಆಗಲಿಲ್ಲ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ ಕಣೋ. ಕೆಂಗೇರಿ ಹೇಗಿದೆ ಅಂತ ಕೇಳಿದೆ, ಎಲ್ಲೆಲ್ಲಿಗೋ ಹೋಯಿತು. ಬಿಡು.

ಒಳ್ಳೆ ಸುದ್ದಿ ಹೇಳುತ್ತೇನೆ. ನಿನ್ನೆ ಬೋಗಿಯಲ್ಲಿ ಮದ್ದೂರು ವಡೆ ಬಿಸಿ ಬಿಸಿಯಾಗಿ ಸಿಕ್ಕಿತು. ಅಪ್ಪನಿಗೆ ಗಟ್ಟಿ ಅಂಚು ಬಿಟ್ಟು ನಡುವಿನ ಈರುಳ್ಳಿ ಇರುವ ಭಾಗ ಚೂರು ಚೂರು ಮಾಡಿ ತಿನ್ನಿಸಿದೆ. ಉಪ್ಪು ಕಮ್ಮಿ ಅಂದರು. ಸ್ಪಷ್ಟವಾಗಿ ಅಂದರು!

ಹಬ್ಬಕ್ಕೆ ಬರುತ್ತೀಯಲ್ಲ, ಕೆಂಗೇರಿವರೆಗೆ ಮೆಟ್ರೋದಲ್ಲಿ ಬಾ, ಇಲ್ಲಿಂದ ಒಟ್ಟಿಗೆ ಹೋಗೋಣ. ಎಡಗಡೆ ಕಿಟಕಿ ನಿನ್ನದೇ. ನಿನ್ನ ನೀಲಿ ಕರ್ಚೀಫು ನನ್ನ ಬ್ಯಾಗಿನಲ್ಲೇ ಇದೆ. ಗಾಡಿ ಬರುತ್ತಿದೆ ಅಂತ ಕೂಗಿದರು, ಸೀಟಿಗೆ ಅದನ್ನೇ ಎಸೆಯಬೇಕು.

ನಿನ್ನ,
ಮದ್ದೂರು ಪಾಸಿನವನು