ಬಹುಮಾನ ಬದಲಿಸುವ ಮೊದಲು

ಸ್ಯಾಕ್ರಮೆಂಟೊ

ಚಿ. ಸಿಂಧುಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿಮ್ಮ ಎಂಡ್ಯೂರೆನ್ಸ್ ರೈಡ್, ಅಂದರೆ ಕುದುರೆಯ ಮೇಲಿನ ದೂರದ ಸವಾರಿ, ಅದರ ಕಮಿಟಿಗೆ ಕೊಡಬೇಕು ಅಂತ ನೀನು ಬರೆದಿರುವುದನ್ನು ಪೂರ್ತಿ ಓದಿದೆ. ಮೊದಲ ಹತ್ತು ಕುದುರೆಗಳಿಗೆ ಮಾತ್ರ ಮೀಸಲಾದ ಬೆಸ್ಟ್ ಕಂಡೀಷನ್ (ಅತ್ಯುತ್ತಮ ಸ್ಥಿತಿಯಲ್ಲಿರುವ ಕುದುರೆ) ಬಹುಮಾನವನ್ನು ಗುರಿ ಮುಟ್ಟಿದ ಎಲ್ಲ ಕುದುರೆಗಳಿಗೂ ತೆರೆಯಬೇಕು ಅನ್ನುವುದು ಒಂದು. 25 ಮೈಲಿಯ ರೈಡ್‌ನಲ್ಲೂ ಗೆರೆ ದಾಟಿದ ಕ್ರಮದಲ್ಲೇ ಸ್ಥಾನ ಕೊಡಬೇಕು ಅನ್ನುವುದು ಇನ್ನೊಂದು. ಅದಕ್ಕೆ ಹಳೆಯ ಸವಾರರೊಬ್ಬರು "ನೀನು ಬಂದು ಎಷ್ಟು ದಿನ ಆಯ್ತು?" ಅಂದರಂತೆ. ಆ ಮಾತು ಸರಿಯಲ್ಲ. ಹೊಸಬರು ಬರದಿದ್ದರೆ ಈ ಸವಾರಿಯೇ ನಿಂತುಹೋಗುತ್ತದೆ. ಅದು ಅವರಿಗೂ ಗೊತ್ತು.

ನಿನ್ನ ಮೊದಲ ಬೇಡಿಕೆಯನ್ನು ಒಪ್ಪುತ್ತೇನೆ. ಎರಡನೆಯದನ್ನು ಸುತಾರಾಂ ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ, ಸಾವಧಾನವಾಗಿ ಓದು.

ಬಹುಮಾನ ಕೊಡುವುದು ರೈಡ್ ಮುಗಿದ ಮೇಲೆ. ಆದರೆ ಅದು ಬೆಳಗಿನಿಂದಲೇ ಸವಾರರ ತಲೆಯಲ್ಲಿ ಕೂತಿರುತ್ತದೆ. ಕೊನೆಯ ಹತ್ತು ಮೈಲಿಯಲ್ಲಿ ಕುದುರೆಯಿಂದ ಇಳಿದು ಪಕ್ಕದಲ್ಲಿ ನಡೆಯಬೇಕೋ, ಹಿಮ್ಮಡಿ ಒತ್ತಿ ಓಡಿಸಬೇಕೋ ಅನ್ನುವುದನ್ನು ಎಷ್ಟೋ ಸಲ ಅದೇ ತೀರ್ಮಾನ ಮಾಡುತ್ತದೆ. ಹೆಬ್ಬಾಳದ ಕಾಲೇಜಿನಲ್ಲಿ ಪಶುವೈದ್ಯ ಕಲಿತು ಇಲ್ಲಿಗೆ ಬಂದ ನಾನು ವರ್ಷಗಟ್ಟಲೆ ವೆಟ್ ಚೆಕ್‌ಗಳಲ್ಲಿ, ಅಂದರೆ ರೈಡ್‌ನಲ್ಲಿ ಪಶುವೈದ್ಯರು ಕುದುರೆಗಳನ್ನು ಪರೀಕ್ಷಿಸುವ ಜಾಗಗಳಲ್ಲಿ, ನಿಂತಿದ್ದೇನೆ. ಒಸಡು ಒತ್ತಿ ಬಣ್ಣ ಎಷ್ಟು ಬೇಗ ಮರಳುತ್ತದೆ ಅಂತ ನೋಡುತ್ತೇವೆ. ಚರ್ಮ ಚಿವುಟಿ ಮೈಯಲ್ಲಿ ನೀರು ಕಡಿಮೆಯಾಗಿದೆಯಾ ಅಂತ ನೋಡುತ್ತೇವೆ. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು ಕರುಳಿನ ಸದ್ದು ಕೇಳುತ್ತೇವೆ. ಆಮೇಲೆ ಓಡಿಸಿ, ಕುಂಟುತ್ತಿದೆಯಾ ಅಂತ ನೋಡುತ್ತೇವೆ. ಸವಾರ ದಿನವಿಡೀ ಯಾವುದರ ಹಿಂದೆ ಬಿದ್ದಿದ್ದ ಅನ್ನುವುದು ಅಷ್ಟರಲ್ಲೇ ಗೊತ್ತಾಗಿಬಿಡುತ್ತದೆ. ಪಾಪ, ಕುದುರೆ ಯಾವ ಕಪ್ಪನ್ನೂ ಕೇಳಿಲ್ಲ ಅಲ್ವಾ?

ಹಳಬರು ಬದಲಾವಣೆಗೆ ಹೆದರುವುದು ಬರೀ ಹಟಕ್ಕಲ್ಲ. 1955ರಲ್ಲಿ ವೆಂಡೆಲ್ ರೋಬಿ ಕೆಲವು ಗೆಳೆಯರೊಂದಿಗೆ ಲೇಕ್ ಟಾಹೋ ಕಡೆಯಿಂದ ಆಬರ್ನ್‌ವರೆಗೆ 100 ಮೈಲಿಯನ್ನು ಒಂದೇ ದಿನದಲ್ಲಿ ಕ್ರಮಿಸಿದರು. ಈಗಿನ ಟೆವಿಸ್ ಕಪ್ ಹುಟ್ಟಿದ್ದು ಹಾಗೆ. 24 ಗಂಟೆಯೊಳಗೆ ಕುದುರೆಯನ್ನು ಸುಸ್ಥಿತಿಯಲ್ಲಿ ಮುಟ್ಟಿಸಿದವರಿಗೆಲ್ಲ ಅಲ್ಲಿ ಒಂದೇ ಬಗೆಯ ಬೆಳ್ಳಿಯ ಬೆಲ್ಟ್ ಬಕಲ್. ಮೊದಲು ಬಂದವರಿಗೂ ಅದೇ, ರಾತ್ರಿಯೆಲ್ಲ ನಡೆದು ಬೆಳಗಿನ ಜಾವ ಬಂದವರಿಗೂ ಅದೇ. ಹೊರಟವರಲ್ಲಿ ಸುಮಾರು ಅರ್ಧ ಮಂದಿಗೆ ಮುಗಿಸಲು ಆಗುವುದೇ ಇಲ್ಲ. 1972ರಲ್ಲಿ ಹುಟ್ಟಿದ, ಅಮೆರಿಕದಲ್ಲಿ ಈ ಸವಾರಿಗಳನ್ನು ನೋಡಿಕೊಳ್ಳುವ ಸಂಸ್ಥೆ ಎಇಆರ್‌ಸಿ ಕೂಡ ಮುಗಿಸಿದವರೆಲ್ಲ ಗೆದ್ದವರು ಅನ್ನುವುದನ್ನೇ ತನ್ನ ಧ್ಯೇಯವಾಗಿ ಇಟ್ಟುಕೊಂಡಿದೆ. ಹಳಬರು ಕಾಯುತ್ತಿರುವುದು ಇದನ್ನು.

ವೇಗಕ್ಕೆ ದೊಡ್ಡ ಬಹುಮಾನ ಬಂದರೆ ಏನಾಗುತ್ತದೆ ಅನ್ನುವುದನ್ನು ಕೊಲ್ಲಿ ದೇಶಗಳ ಮರಳುಗಾಡಿನ ಓಟಗಳಲ್ಲಿ ಎಲ್ಲರೂ ನೋಡಿದರು. ಕಾಲು ಮುರಿದುಕೊಂಡ ಕುದುರೆಗಳ ಸುದ್ದಿ ಮತ್ತೆ ಮತ್ತೆ ಬಂತು. 2015ರಲ್ಲಿ ಕುದುರೆ ಸವಾರಿಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಇಐ, ಯುಎಇಯ ಕುದುರೆ ಸವಾರಿ ಒಕ್ಕೂಟವನ್ನೇ ಅಮಾನತು ಮಾಡಬೇಕಾಯಿತು. ಅದೇ ದೇಶದಲ್ಲಿ, ಅಬುಧಾಬಿಯ ಬೌಥಿಬ್‌ನಲ್ಲಿ, ಬೇರೆ ದಾರಿ ಹಿಡಿದವರೂ ಇದ್ದಾರೆ. ವೇಗಕ್ಕೆ ಗಂಟೆಗೆ 20 ಕಿಲೋಮೀಟರ್ ಮಿತಿ ಹಾಕಿದರು. ಕುದುರೆಯ ಎದೆಬಡಿತ ನಿಮಿಷಕ್ಕೆ 56ಕ್ಕೆ ಇಳಿಯಲೇಬೇಕು ಅಂದರು. ಬಹುಮಾನದಲ್ಲಿ ಕುದುರೆಯ ಸ್ಥಿತಿಗೆ ಬೆಲೆ ಕೊಟ್ಟರು. ಹಾಗಾಗಿ ಬಹುಮಾನದ ಪದ್ಧತಿಯನ್ನು ಮುಟ್ಟಲೇಬಾರದು ಅಂತ ನಾನು ಹೇಳುವುದಿಲ್ಲ. ಯಾವ ಕಡೆಗೆ ಬದಲಿಸುತ್ತೀಯ ಅನ್ನುವುದು ಮುಖ್ಯ.

ಈಗ ನಿನ್ನ 25 ಮೈಲಿಯ ವಿಷಯ. ಇಲ್ಲಿ ಗೆರೆ ದಾಟಿದ ತಕ್ಷಣ ಗಡಿಯಾರ ನಿಲ್ಲುವುದಿಲ್ಲ, ಎದೆಬಡಿತ 60ಕ್ಕೆ ಇಳಿದಾಗ ನಿಲ್ಲುತ್ತದೆ. ಇದನ್ನು ನೀನು ಅವಮಾನ ಅಂದುಕೊಂಡಿದ್ದೀಯ. ಈ ದೂರಕ್ಕೆ ಬರುವವರಲ್ಲಿ ಹೊಸ ಸವಾರರು, ಹೊಸ ಕುದುರೆಗಳೇ ಜಾಸ್ತಿ. 25 ಮೈಲಿಯನ್ನು ನಾಗಾಲೋಟದಲ್ಲಿ ಮುಗಿಸಿಬಿಡಬಹುದು ಅನ್ನುವ ಆಸೆ ಅವರಿಗೇ ಬರುತ್ತದೆ. ಕೊನೆಯ ಮೈಲಿಯಲ್ಲಿ ನಿಧಾನಿಸಿ ಬಂದವರು ಮುಂದೆ ಇರುವಂತೆ ಮಾಡಿರುವ ಈ ನಿಯಮ ನನ್ನ ಪ್ರಕಾರ ನಮ್ಮ ಪುಸ್ತಕದಲ್ಲೇ ಅತ್ಯಂತ ಒಳ್ಳೆಯ ನಿಯಮ. ದಯವಿಟ್ಟು ಅದನ್ನು ಮುಟ್ಟಬೇಡ. 25 ಮೈಲಿಯವರಿಗೆ ಗೌರವ ಸಿಗುತ್ತಿಲ್ಲ ಅನ್ನುವ ನೋವು ನಿಜ. ಅವರ ಹೆಸರನ್ನೂ ಅಷ್ಟೇ ಗಟ್ಟಿಯಾಗಿ ಕೂಗಿ, ಊಟ ಮುಗಿದು ಜನ ಎದ್ದುಹೋಗುವ ಮೊದಲು ಕರೆದು ಕೊಡಿ. ಅದಕ್ಕೆ ಯಾವ ನಿಯಮವೂ ಬೇಕಿಲ್ಲ.

ಬೆಸ್ಟ್ ಕಂಡೀಷನ್ ವಿಷಯದಲ್ಲಿ ನಿನ್ನ ಜೊತೆ ನಾನಿದ್ದೇನೆ. ಆದರೆ ಅಂಕದ ಹಾಳೆ ಸರಿಯಾಗಿ ನೋಡಿದ್ದೀಯಾ? ವೆಟ್ ಕೊಡುವುದು ಹೆಚ್ಚೆಂದರೆ 500 ಅಂಕ. ಸಮಯಕ್ಕೆ 200, ಕುದುರೆ ಹೊತ್ತ ಸವಾರ ಮತ್ತು ಜೀನಿನ ಭಾರಕ್ಕೆ 100. ಮೊದಲು ಬಂದವರಿಗಿಂತ ಒಂದು ನಿಮಿಷ ತಡವಾದರೆ ಒಂದು ಅಂಕ ಹೋಯಿತು. ಅಂದರೆ ಬಾಗಿಲನ್ನು ಎಲ್ಲರಿಗೂ ತೆರೆದರೂ, ಮೂರು ಗಂಟೆ ತಡವಾಗಿ ಬಂದ ಕುದುರೆ ಎಷ್ಟೇ ಚೆನ್ನಾಗಿದ್ದರೂ ಗೆಲ್ಲುವುದು ಕಷ್ಟ. ಸುಮ್ನೆ ಆಸೆ ತೋರಿಸಿದ ಹಾಗೆ ಆಗುತ್ತದೆ. ಜೊತೆಗೆ ಆ ಕುದುರೆಗಳನ್ನೆಲ್ಲ ಒಂದು ಗಂಟೆಯ ನಂತರ ಮತ್ತೆ ಪರೀಕ್ಷಿಸಬೇಕು. ನಸುಕಿನಿಂದ ನಿಂತಿರುವ ವೆಟ್‌ಗಳ ಕಾಲು ಅಷ್ಟು ಹೊತ್ತಿಗೆ ಏನಾಗಿರುತ್ತದೆ ಅಂತ ನನಗೆ ಗೊತ್ತು.

ಅದರ ಬದಲು ಹೀಗೆ ಮಾಡು. ಸಮಯ, ಭಾರ ಎರಡನ್ನೂ ಬಿಟ್ಟು, ವೆಟ್ ಅಂಕ ಮಾತ್ರ ಲೆಕ್ಕ ಹಾಕುವ ಬಹುಮಾನವೊಂದನ್ನು ನಿಮ್ಮ ರೈಡ್‌ನಲ್ಲೇ ಇಡಿ. ಬೇರೆ ಕೆಲವು ರೈಡ್‌ಗಳಲ್ಲಿ ಇದು ಈಗಾಗಲೇ ಇದೆ. ಇಷ್ಟವಿದ್ದವರು ಕುದುರೆ ತರಲಿ, ಬೇಡದವರು ಮಲಗಲಿ. ಇಂಥ ಬಹುಮಾನ ರೈಡ್ ನಡೆಸುವವರ ಕೈಯಲ್ಲೇ ಇರುವುದರಿಂದ ಎಇಆರ್‌ಸಿ ಬೋರ್ಡಿನ ಮುಂದೆ ಹೋಗಬೇಕಾಗಿಲ್ಲ. ಇನ್ನೊಬ್ಬ ವೆಟ್‌ಗೆ ಆಗುವ ಖರ್ಚನ್ನು ಯಾರು ಕೊಡುತ್ತಾರೆ ಅನ್ನುವುದನ್ನು ಮೊದಲೇ ಬರೆದು ತೋರಿಸು. ಆ ಪ್ರಶ್ನೆ ಬಂದೇ ಬರುತ್ತದೆ.

ಮೀಟಿಂಗಿಗೆ ಮುಂಚೆ ಒಂದು ರೈಡ್‌ನಲ್ಲಿ ನೀನು ಸವಾರಿ ಬಿಟ್ಟು, ವೆಟ್ ಪಕ್ಕದಲ್ಲಿ ಕಾರ್ಡ್ ಬರೆಯುವ ಕೆಲಸಕ್ಕೆ ನಿಲ್ಲು. ನಿನ್ನನ್ನು ಕೇಳಿದ ಆ ಹಿರಿಯರ ಹತ್ತಿರವೂ ಹೋಗಿ ಕೂತು ಮಾತಾಡು. ಅವರದು ಡೆಕೇಡ್ ಟೀಮ್ ಅಂತ ನೀನೇ ಬರೆದಿದ್ದೀಯ. ಒಂದೇ ಕುದುರೆಯ ಮೇಲೆ ಹತ್ತು ವರ್ಷ, ವರ್ಷಕ್ಕೆ ಕನಿಷ್ಠ ಒಂದಾದರೂ 50 ಮೈಲಿಯ ರೈಡ್ ಮುಗಿಸಿದವರು. ಆ ಕುದುರೆಯ ಕಾಲನ್ನು ಅಷ್ಟು ವರ್ಷ ಹೇಗೆ ಕಾಪಾಡಿದರು ಅಂತ ಕೇಳು. ಬಹುಮಾನದ ಮಾತನ್ನು ಆವತ್ತು ಎತ್ತಬೇಡ. ನಿನಗೂ ಅವರಿಗೂ ಬೇಕಾಗಿರುವುದು ಬೇರೆ ಬೇರೆ ಅಂತ ನನಗೆ ಅನ್ನಿಸುವುದಿಲ್ಲ.

ಹೊಸದಾಗಿ ಬರೆದದ್ದನ್ನು ನನಗೆ ಕಳಿಸು. ವೆಟ್ ಅಂಕದ ಭಾಗವನ್ನು ನಾನೇ ತಿದ್ದಿಕೊಡುತ್ತೇನೆ. ನಿನ್ನ ಕುದುರೆಯ ಎಡಗಾಲು ಬಿಸಿಯಾಗಿದೆ ಅಂದಿದ್ದೆಯಲ್ಲ, ಅದು ಪೂರ್ತಿ ಇಳಿಯುವವರೆಗೆ ಜೀನು ಹಾಕಬೇಡ.

ಇಂತಿ ನಿನ್ನ,
ದೊಡ್ಡಮ್ಮ