ನರ್ಸಿಂಗ್ ಓದಬೇಕೆಂದಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಹೆಚ್ಚಾಗಿ ಎರಡು ವರ್ಷದ ಕೋರ್ಸ್‌ಗಳಿರುವ ಸರ್ಕಾರಿ ಕಾಲೇಜು) ನರ್ಸಿಂಗ್ ಓದುವ ಬಗ್ಗೆ ಈ ವಾರ ನಾಲ್ಕೈದು ಜನ ಕೇಳಿದ್ದೀರಿ. ಒಟ್ಟಿಗೆ ಇಲ್ಲೇ ಬರೆಯುತ್ತಿದ್ದೇನೆ.

"ಎರಡು ವರ್ಷದ ಕೋರ್ಸ್" ಅನ್ನುವುದನ್ನೇ ನಂಬಿ ಲೆಕ್ಕ ಹಾಕಬೇಡಿ. ಅದು ಶುರುವಾಗುವ ಮೊದಲೇ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೂರನ್ನೂ ಲ್ಯಾಬ್ ಸಮೇತ ಮುಗಿಸಿರಬೇಕು. ಈ ತರಗತಿಗಳ ಸೀಟು ಬೇಗ ತುಂಬುತ್ತವೆ. ವೇಟ್‌ಲಿಸ್ಟ್‌ನಲ್ಲಿದ್ದರೂ ಮೊದಲ ದಿನ ಹೋಗಿ ಕೂರಿ, ಬಿಟ್ಟುಹೋದವರ ಜಾಗ ಸಿಗುವುದುಂಟು. ಊರಲ್ಲಿ ಬಿಎಸ್ಸಿ ಮಾಡಿದವರು ಅಂಕಪಟ್ಟಿಯ ಮೌಲ್ಯಮಾಪನ (ಆ ಓದು ಇಲ್ಲಿನ ಯಾವ ಓದಿಗೆ ಸಮ ಅನ್ನುವ ವರದಿ) ಈಗಲೇ ಮಾಡಿಸಿ. ಆದರೆ ಆ ವಿಜ್ಞಾನ ವಿಷಯಗಳನ್ನು ಒಪ್ಪುತ್ತಾರೋ ಇಲ್ಲವೋ ಅನ್ನುವುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಕೌನ್ಸೆಲರ್ ಉತ್ತರವನ್ನು ಇಮೇಲ್‌ನಲ್ಲೇ ತರಿಸಿಕೊಳ್ಳಿ.

ಸೆಮಿಸ್ಟರ್ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಶುಲ್ಕ ಯೂನಿಟ್‌ಗೆ (ಕೋರ್ಸ್‌ನ ಕ್ರೆಡಿಟ್ ಲೆಕ್ಕ) 46 ಡಾಲರ್. ಎಚ್-4 ವೀಸಾದಲ್ಲಿ (ಎಚ್-1ಬಿಯಂಥ ಕೆಲಸದ ವೀಸಾದಲ್ಲಿರುವವರ ಸಂಗಾತಿ, ಮಕ್ಕಳ ವೀಸಾ) ಓದಬಹುದು, ಕೆಲಸಕ್ಕೆ ಪರವಾನಗಿ ಬೇರೆಯೇ ಬೇಕು.

"ಬರೀ ಕಮ್ಯುನಿಟಿ ಕಾಲೇಜಾ?" ಅಂತ ಮನೆಯವರು ಮೂಗು ಮುರಿದರೆ ಕುಗ್ಗಬೇಡಿ. ಇಲ್ಲಿ ಓದಿದವರೂ ನಾಲ್ಕು ವರ್ಷದ ಪದವಿಯವರೂ ಲೈಸೆನ್ಸ್‌ಗೆ ಬರೆಯುವುದು ಒಂದೇ ಪರೀಕ್ಷೆ, ಎನ್‌ಕ್ಲೆಕ್ಸ್-ಆರ್‌ಎನ್. ಇದನ್ನು ಅವರಿಗೂ ಹೇಳಿ.

ಅನಾಟಮಿ ಪುಸ್ತಕ ಯಾರ ಹತ್ತಿರ ಇದ್ದರೂ ದಯವಿಟ್ಟು ಇಲ್ಲಿ ತಿಳಿಸಿ, ಇಬ್ಬರಿಗೆ ತುರ್ತಾಗಿ ಬೇಕಾಗಿದೆ.