ಕತ್ತಿನ ಮೇಲಿನ ಗೆರೆ: ಮಗಳಿಗೊಂದು ಪತ್ರ

ಕಲಬುರಗಿ

ಚಿನ್ನಿ,

ನಿನ್ನೆ ಫೋನಿನಾಗ "ಅವ್ವಾ, ಈ ಸಲ ರಕ್ತ ಪರೀಕ್ಷೆ ಬ್ಯಾಡ, ಅರಾಮ ಅದೀನಿ" ಅಂದಿ. ರೊಟ್ಟಿ ಬಡಿಯುತ್ತಿದ್ದೆ, ಸುಮ್ಮನಾದೆ. ಬಾಯಲ್ಲಿ ಹೇಳಿದರೆ ನಮ್ಮಿಬ್ಬರಿಗೂ ಜಗಳ. ಅದಕ್ಕೇ ಈ ಕಾಗದ.

ನಿನಗೆ ಆಗ ಹತ್ತೊಂಬತ್ತು. ಎಡಗಿವಿಯ ಕೆಳಗೆ, ಕತ್ತಿನ ಪಕ್ಕದಲ್ಲಿ ಹುಣಸೆಬೀಜದಷ್ಟು ಮೂರು ಗಂಟು. ಮುಟ್ಟಿದರೆ ಚೀರುತ್ತಿದ್ದಿ. ಸಂಜೆಗೆ ಜ್ವರ, ಬೆಳಗಿನ ಜಾವಕ್ಕೆ ದಿಂಬು ತೊಯ್ದಿರುತ್ತಿತ್ತು. ಮೇ ತಿಂಗಳ ಕಲಬುರಗಿಯಲ್ಲಿ ಬೆವರನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅಜ್ಜಿ ನೋಡಿದವಳೇ "ಗಂಡಮಾಲೆ" ಅಂದಳು, ಅಂದರೆ ಕತ್ತಿನ ಗ್ರಂಥಿಗಳ ಕ್ಷಯ; ಮೊದಲ ಡಾಕ್ಟರೂ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಸೂಜಿ ಹಾಕಿ ತೆಗೆದದ್ದರಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ಟಿಬಿ ಗುಳಿಗೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ನೀನು ಬಚ್ಚಲಿನಿಂದ ಓಡಿ ಬಂದದ್ದು ನೆನಪಿದೆಯಾ? ಅದು ರಿಫಾಂಪಿಸಿನ್ ಗುಳಿಗೆಯ ಬಣ್ಣ ಅಂತ ಆಗ ನನಗೂ ಗೊತ್ತಿರಲಿಲ್ಲ.

ಎರಡನೇ ಡಾಕ್ಟರು ಒಂದು ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳಿಸೋಣ ಅಂದರು. ಮೂರು ವಾರ ಅದನ್ನು ಮುಂದೂಡಿದವಳು ನಾನು. ಡಾಕ್ಟರು ಊರಲ್ಲಿಲ್ಲ ಅಂತ ಅಪ್ಪನಿಗೆ ಸುಳ್ಳು ಹೇಳಿದ್ದೆ. ಹೆಣ್ಣುಮಗಳ ಕತ್ತಿನ ಮೇಲೆ ಗೆರೆ ಉಳಿದರೆ ನಾಳೆ ನೋಡಲು ಬಂದವರು ಏನಂದಾರು ಅನ್ನುವುದೇ ನನ್ನ ತಲೆಯಲ್ಲಿ. ನೀನು ಜ್ವರದಲ್ಲಿ ಬೇಯುತ್ತಿದ್ದಿ.

ರಿಪೋರ್ಟಿನಲ್ಲಿದ್ದ ಹೆಸರು ಕಿಕುಚಿ-ಫುಜಿಮೊಟೊ ಕಾಯಿಲೆ. 1972ರಲ್ಲಿ ಜಪಾನಿನ ಆ ಇಬ್ಬರು ವೈದ್ಯರು ಬೇರೆಬೇರೆಯಾಗಿ ಬರೆದು ಗುರುತಿಸಿದ್ದು. ಅಪರೂಪದ್ದು, ಹೆಚ್ಚಾಗಿ ಹರೆಯದವರ ಕತ್ತಿನ ಗ್ರಂಥಿಗಳನ್ನೇ ಹಿಡಿಯುತ್ತದೆ, ಟಿಬಿಯಂತೆಯೋ, ಲಿಂಫೋಮಾ ಅನ್ನುವ ಗ್ರಂಥಿಗಳ ಕ್ಯಾನ್ಸರಿನಂತೆಯೋ ಕಾಣುತ್ತದೆ. ಸೂಜಿಗೆ ಹತ್ತುವ ಚೂರಿನಲ್ಲಿ ಎಷ್ಟೋ ಸಲ ಪತ್ತೆಯಾಗುವುದಿಲ್ಲ, ಗಂಟನ್ನೇ ಸೀಳಿ ನೋಡಬೇಕು. ಸತ್ತ ಜೀವಕೋಶಗಳ ಪುಡಿ, ಅದನ್ನು ನುಂಗುವ ಹಿಸ್ಟಿಯೋಸೈಟುಗಳು, ಆದರೆ ಕೀವು ಕಟ್ಟಿಸುವ ಕಣಗಳು ಇಲ್ಲ, ಅದೇ ಅದರ ಗುರುತು ಅಂತ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಟಿಬಿ ಗುಳಿಗೆ ನಿಂತವು. ಜ್ವರ-ನೋವಿಗೆ ಮಾತ್ರೆ, ನಿನಗೆ ಜೋರಾಗಿದ್ದರಿಂದ ಕೆಲವು ವಾರ ಸ್ಟೀರಾಯ್ಡ್, ಅಷ್ಟೇ. ಇದು ಸಾಮಾನ್ಯವಾಗಿ ಒಂದರಿಂದ ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ. ಅಂದರೆ ಟಿಬಿ ಗುಳಿಗೆಯನ್ನೇ ಮುಂದುವರಿಸಿದ್ದರೂ ನೀನು ಅರಾಮಾಗುತ್ತಿದ್ದಿ, ನಾವು ಜನ್ಮವಿಡೀ ಗುಳಿಗೆಗೆ ಕೈ ಮುಗಿಯುತ್ತಿದ್ದೆವು!

ಹಾಗೇನಾದರೂ ಆಗಿದ್ದರೆ ಲೂಪಸ್ ಬಗ್ಗೆ, ಅಂದರೆ ಮೈಯ ರಕ್ಷಣಾ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆಯ ಬಗ್ಗೆ, ಯಾರೂ ನಮ್ಮನ್ನು ಎಚ್ಚರಿಸುತ್ತಿರಲಿಲ್ಲ. ಕಿಕುಚಿ ಬಂದವರಲ್ಲಿ ಕೆಲವರಿಗೆ ವರ್ಷಗಳ ಮೇಲೂ ಲೂಪಸ್ ತಲೆ ಎತ್ತುತ್ತದೆ. ಅದಕ್ಕೇ ಲೂಪಸ್ ಸುಳಿವು ಹುಡುಕುವ ಆ ಎಎನ್ಎ ರಕ್ತ ಪರೀಕ್ಷೆ, ಡಾಕ್ಟರ ಭೇಟಿ. ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಕೀಲು ನೋವು, ಬಾಯಿಹುಣ್ಣು ಇದ್ದರೆ ಬಚ್ಚಿಡಬೇಡ. ಬಚ್ಚಿಡುವುದರಲ್ಲಿ ನಾನು ನಿನಗಿಂತ ಪಳಗಿದವಳು, ಗೊತ್ತಾಗಿಬಿಡುತ್ತದೆ.

ಶನಿವಾರ ಹೋಗಿ ಬಾ. ದುಡ್ಡು ಹಾಕಿದ್ದೇನೆ, ಶೇಂಗಾ ಹಿಂಡಿ ಕಳಿಸಿದ್ದೇನೆ. ಗೆರೆ ಮುಚ್ಚಲೆಂದು ಕಾಲರ್ ಇಡಿಸಿ ಹೊಲಿಸಿದ್ದ ನಾಲ್ಕು ಕುಪ್ಪಸ ಟ್ರಂಕಿನಲ್ಲಿದ್ದವು. ಮೊನ್ನೆ ಹರಿದು ಕೌದಿಗೆ ಹಚ್ಚಿದೆ.

ನಿನ್ನ ಅವ್ವ